ಹುಣಸೆಮರದ ಮೊಳೆ

ಕನಕರಾಜುವಿನ ಚಾಕುವಿನಲ್ಲಿ ಯಾವ ದೋಷವೂ ಇರಲಿಲ್ಲ. ಬ್ಲೇಡು, ಪುಟ್ಟ ಕತ್ತರಿ, ಸ್ಕ್ರೂ ಡ್ರೈವರು, ಓಪನರು ಎಲ್ಲವೂ ಒಂದರ ಪಕ್ಕ ಒಂದು ಮಡಚಿಕೊಂಡು ಜೇಬಿನಲ್ಲಿ ತೆಪ್ಪಗೆ ಬಿದ್ದಿರುತ್ತಿದ್ದವು. ಆದರೆ ಇಂಥ ಚಾಕುವಿನ ಪ್ಲಾಸ್ಟಿಕ್ ಹಿಡಿ ಕಿತ್ತು ಮರದ ಹಿಡಿ ಕೂರಿಸುವ ವಿಡಿಯೋ ಒಂದನ್ನು ಮೊಬೈಲಿನಲ್ಲಿ ನೋಡಿದ್ದೇ ತಡ, ಅವನ ತಲೆಗೆ ಹುಳ ಹೊಕ್ಕಿತು.

ಭಾನುವಾರ ಬೆಳಿಗ್ಗೆಯೇ ಅಡುಗೆಮನೆಯಲ್ಲಿ ಕಾರ್ಖಾನೆ ತೆರೆದ. ವಿಡಿಯೋದವನು ನಾಜೂಕಾಗಿ ಎಬ್ಬಿಸಿದ ಹಿಡಿಯನ್ನು ಇವನು ರಾಕ್ಷಸನ ಹಾಗೆ ಮೀಟಿದ. ಎಲ್ಲವನ್ನೂ ಬಿಗಿದಿದ್ದ ಪಿನ್ನು ಟಣ್ಣೆಂದು ಹಾರಿ ರಾಗಿಹಿಟ್ಟಿನ ಡಬ್ಬಕ್ಕೆ ಬಿತ್ತು. ಚಾಕುವಿನ ಕರುಳೆಲ್ಲ ಹೊರಗೆ ಬಂತು.

“ಇನ್ನು ಮುದ್ದೆ ತೊಳಸೋದು ಎಂಗೆ? ಪಿನ್ನು ಯಾರ ಗಂಟ್ಲಿಗೆ ಸಿಕ್ಕಾಕೊಂಡದೋ! ಬಿಸಾಕ್ರಿ ಆ ಹಾಳು ಚಾಕುವ!” ಎಂದು ಹೆಂಡತಿ ಸುಧಾಮಣಿ ಕೂಗಾಡಿದಳು.

ಎಸೆಯುವುದೇ? ಕನಕರಾಜು ಗರಗಸ ಹಿಡಿದು ಮನೆಯ ಹಿಂದಿನ ಹುಣಸೆಮರಕ್ಕೆ ನಡೆದ. ಚಾಮರಾಜನಗರದ ಪೇಟೆಯಲ್ಲಿ ಬೆಳೆದವನು, ಗುಂಡ್ಲುಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ. ಹಂಗಳದ ಈ ಬಾಡಿಗೆ ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಮಟಮಟ ಮಧ್ಯಾಹ್ನ ಹುಣಸೆಮರದಡಿ ಹೋಗಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಪಾಪ.

ಅಷ್ಟರಲ್ಲಿ ನಡುಮಧ್ಯಾಹ್ನವಾಗಿ ಬಿಸಿಲು ಕಾಯುತ್ತಿತ್ತು. ಮರದಡಿ ಮಾತ್ರ ಬಾವಿಯೊಳಗಿನ ತಂಪು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹಿಡಿಗೆ ಬೇಕಾದಷ್ಟು ಕೊಂಬೆ ಕೊಯ್ದುಕೊಂಡು ತಿರುಗಿದರೆ, ಕಾಂಡದಲ್ಲಿ ತೆಳ್ಳನೆಯದೊಂದು ಹಳೇ ಕಬ್ಬಿಣದ ಮೊಳೆ. ಪಿನ್ನಿಗೆ ಹೇಳಿ ಮಾಡಿಸಿದಂತಿತ್ತು. ಜೇಬಿನಲ್ಲಿದ್ದ ಇಕ್ಕಳ ತೆಗೆದು ಹಾಕಿದ. ಎಷ್ಟೋ ವರ್ಷದ ಮೊಳೆ, ಕಿತ್ತುಬರಲು ಹಟ ಮಾಡಬೇಕಲ್ಲ? ಇಲ್ಲ. ಒಳಗಿನಿಂದ ಯಾರೋ ನೂಕಿದ ಹಾಗೆ ಸರ್ರನೆ ಬಂತು. ಜೊತೆಗೆ ನಾಲ್ಕಾರು ಉದ್ದದ ಕೂದಲೂ ಬಂದವು. ಬೆನ್ನ ಹಿಂದೆ ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ತಿರುಗಿ ನೋಡಿದರೆ ಬೇಲಿಯಾಚೆ ಪಕ್ಕದ ಮನೆಯ ಪುಟ್ಟಸಿದ್ದಮ್ಮ ಬಾಯಿ ತೆರೆದುಕೊಂಡು ನಿಂತಿದ್ದಳು.

“ಏನ್ಲಾ ಅದು ಕೈಲಿ?”

“ಮೊಳೆ ಕಣಕ್ಕ.”

“ಅಯ್ಯಯ್ಯೋ, ಮನೆಹಾಳ! ಅದು ನಮ್ಮತ್ತೆ ಕಣ್ಲಾ!”

ಕನಕರಾಜು ಮೊಳೆಯನ್ನು ಮೇಲೆ ಕೆಳಗೆ ನೋಡಿದ. ಅತ್ತೆಯ ಹಾಗೇನೂ ಕಾಣಲಿಲ್ಲ.

“ನಮ್ಮತ್ತೆ ಚಿಕ್ಕಮಲ್ಲಮ್ಮ ಸತ್ತಮ್ಯಾಕೂ ನನ್ ಬುಡ್ನಿಲ್ಲ, ಮೈಮ್ಯಾಲೆ ಬಂದು ಕುಂತ್ಬುಟ್ಲು. ಮಾದೇವಯ್ಯ ನನ್ ಕೂದ್ಲ ಈ ಮರಕ್ಕೆ ಮೊಳೆ ಬಡ್ದು ಅವಳ್ನ ಇಲ್ಲಿ ಕೂರುಸ್ದ. ಈಗ ಬುಟ್ಬುಟ್ಟಲ್ಲೋ! ಇನ್ನು ಯಾರ ಮೈಮ್ಯಾಲೆ ಬಂದಾಳೋ!”

ಕನಕರಾಜು ನಕ್ಕ. ಆದರೆ ಮನೆಗೆ ಮಾತ್ರ ಓಡುನಡಿಗೆಯಲ್ಲೇ ಬಂದ.

ಹೊರಗಿನ ಜಗಲಿಯಲ್ಲಿ ಕೂತು ಹಿಡಿ ಉಜ್ಜಿದ, ಅಂಟು ಹಾಕಿದ, ಮೊಳೆಯ ತುದಿ ಅರದಿಂದ ಸವರಿ ತೂರಿಸಿದ. ಚಾಕುವನ್ನು ಮಡಚಿ ನೆಲದ ಮೇಲಿಟ್ಟ. ಅದು ತಾನಾಗಿ ಟಕ್ ಎಂದು ಬಿಚ್ಚಿಕೊಂಡಿತು. ಮತ್ತೆ ಮಡಚಿದ. ಮತ್ತೆ ಬಿಚ್ಚಿಕೊಂಡಿತು. ಸ್ಪ್ರಿಂಗು ತಪ್ಪಾಗಿ ಕೂತಿರಬೇಕು ಎಂದು ಗಟ್ಟಿಯಾಗಿಯೇ ಹೇಳಿಕೊಂಡ. ಒಳಗಿನಿಂದ ಯಾರೋ ಹೂಂಗುಟ್ಟಿದರು.

ಎದ್ದು ಹೋಗಿ ನೋಡಿದ. ಅಡುಗೆಮನೆಯ ಮೂಲೆಯಲ್ಲಿ ಸುಧಾಮಣಿ ತಲೆಗೂದಲು ಕೆದರಿಕೊಂಡು ಗೋಡೆ ಕಡೆ ಮುಖ ಮಾಡಿ ಕೂತು ತೂಗಾಡುತ್ತಿದ್ದಳು.

“ಸುಧಾ?”

“ಯಾವ ಸುಧಾನ್ಲಾ?” ಮುದುಕಿಯ ಒಡಕು ದನಿ. “ನನ್ ಮೊಳೆ ತತ್ತಾ!”

ಕನಕರಾಜು ಹೊಸಿಲಿಗೇ ಹಿಮ್ಮೆಟ್ಟಿದ. ಜಗಳವಾಡಿದರೂ ಬಡಿಸದೆ ತಾನು ಉಣ್ಣದ ಹೆಂಡತಿ. ತನ್ನ ಹುಚ್ಚಿಗೆ ಅವಳು ಬಲಿಯಾದಳಲ್ಲ ಎಂದು ಹಣೆ ಚಚ್ಚಿಕೊಂಡ. ಬರಿಗಾಲಲ್ಲಿ ಓಡಿಹೋಗಿ ದೆವ್ವ ಬಿಡಿಸುವ ಮಹದೇವಯ್ಯನ ಕಾಲು ಹಿಡಿದ.

ಹೊತ್ತು ಇಳಿಯುವ ಹೊತ್ತಿಗೆ ಬೀದಿಯವರೆಲ್ಲ ಮರದಡಿ ಸೇರಿದ್ದರು. ಕನಕರಾಜು ಚಾಕು ಬಿಚ್ಚಿ ಮೊಳೆ ಕೊಟ್ಟ. ಮಹದೇವಯ್ಯ ಒಂದು ಕೈಯಲ್ಲಿ ಸುತ್ತಿಗೆ ಹಿಡಿದು ಇನ್ನೊಂದು ಕೈ ಸುಧಾಮಣಿಯ ಕೂದಲಿಗೆ ಹಾಕಿದ್ದೇ ತಡ, ಅವಳು ಚಿಟ್ಟನೆ ಚೀರಿದಳು.

“ಅಯ್ಯೋ ಬುಡಪ್ಪೋ! ನನ್ನ ಯಾವ ದೆವ್ವನೂ ಇಡ್ದಿಲ್ಲ! ಪುಟ್ಟಸಿದ್ದಮ್ಮಕ್ಕ ಹಿತ್ಲಿಂದ ಬಂದು ಮೊಳೆ ವಿಸ್ಯ ಯೋಳ್ತು. ಇವ್ರು ಎದ್ರುಕೊಂಡಾದ್ರೂ ಚಾಕು ಬಿಸಾಕ್ಲಿ ಅಂತ ಆಟ ಕಟ್ದೆ!”

“ದೆವ್ವಗೋಳು ಇಂಗೇಯ ಅನ್ನೋದು,” ಎಂದ ಮಹದೇವಯ್ಯ. “ಎಲ್ಲಿ, ಉಘೇ ಮಾದಪ್ಪ ಅನ್ನು ನೋಡನ. ದೆವ್ವದ ಬಾಯ್ಗೆ ಆ ಎಸ್ರು ಬರಾಕಿಲ್ಲ.”

“ಉಘೇ ಮಾದಪ್ಪ! ಉಘೇ ಉಘೇ!” ಮಾದಪ್ಪನ ಬೆಟ್ಟಕ್ಕೇ ಕೇಳುವಂತೆ ಕೂಗಿದಳು ಸುಧಾಮಣಿ.

ಕನಕರಾಜುವಿಗೆ ಹೋದ ಜೀವ ಬಂದಂತಾಗಿ ಕಣ್ಣು ತುಂಬಿ ಬಂತು. ಆದರೆ ಮಹದೇವಯ್ಯ ಸುತ್ತಿಗೆ ಕೆಳಗಿಡಲಿಲ್ಲ.

“ಅಂಗಾರೆ ಚಿಕ್ಕಮಲ್ಲಮ್ಮ ಎಲ್ಲೋದ್ಲು?”

ಎಲ್ಲರೂ ಕನಕರಾಜುವಿನ ಕಡೆ ತಿರುಗಿದರು.

“ಮೊಳೆ ಕಿತ್ತೋನು ನೀನು. ಎಲ್ಲಿ, ನೀನೂ ಅನ್ನು.”

ಅಷ್ಟು ಕಣ್ಣುಗಳು ತನ್ನನ್ನೇ ನೋಡುವುದು ಕಂಡು ಕನಕರಾಜುವಿನ ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತು.

“ಉ... ಉ... ಉ...”

“ಅಯ್ಯೋ ನನ್ನಪ್ಪಾ!” ಸುಧಾಮಣಿ ಈಗ ನಿಜವಾಗಿಯೇ ಗೋಳಾಡಿದಳು. “ಬಡೀರಿ ಮಾದೇವಯ್ಯಾರೆ, ಗಟ್ಟಿಯಾಗಿ ಬಡೀರಿ!”

ನಾಲ್ಕು ಜನ ಕನಕರಾಜುವನ್ನು ಹಿಡಿದರು. ಎಷ್ಟು ಒದ್ದಾಡಿದರೂ ಬಿಡಲಿಲ್ಲ. ನೆತ್ತಿಯ ಕೂದಲಿನ ಗೊಂಚಲೊಂದು ಮೊಳೆಯ ಕೆಳಗೆ ಸಿಕ್ಕಿ ಮರಕ್ಕೆ ಬಿಗಿದುಕೊಂಡಿತು.

“ನಾವು ಹಿಂದ್ಕೆ ತಿರುಗಿ ನೋಡದಂಗೆ ಓಗ್ಬೇಕು,” ಎಂದ ಮಹದೇವಯ್ಯ. “ನಾವು ಮರೆಯಾದ್ಮ್ಯಾಕೆ ನೀನು ಜೋರಾಗಿ ತಲೆ ಕಿತ್ಕೊ. ಕೂದ್ಲು ಮರದಲ್ಲೇ ಇರ್ಲಿ, ಅವ್ಳೂ ಅಲ್ಲೇ ಇರ್ತಾಳೆ.”

ಒಬ್ಬರೂ ತಿರುಗಲಿಲ್ಲ. ಹೆಜ್ಜೆ ಸದ್ದು ಅಡಗಿತು. ಕನಕರಾಜು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ತಲೆಯನ್ನು ಮುಂದಕ್ಕೆ ಒಮ್ಮೆ ಜಗ್ಗಿದ. ಕೂದಲು ಬರಲಿಲ್ಲ. ಅತ್ತಲಿಂದ ಯಾರೋ ಅಷ್ಟೇ ಜೋರಾಗಿ ಹಿಂದಕ್ಕೆ ಜಗ್ಗಿದರು.

“ವಸಿ ಮೆತ್ಗೆ ಎಳಿ ಮಗ,” ಎಂದಿತು ಕಿವಿಯ ಪಕ್ಕದಲ್ಲೇ ಒಡಕು ದನಿ. “ನನ್ ತುರುಬೂವೆ ನಿನ್ ಜತೇಲೇ ಸಿಕ್ಕಾಕೊಂಡದೆ.”