ಗುಲಾಬಿಯಿಂದ ಹಿಂದಕ್ಕೆ

ರಗಳೆ ಶುರುವಾದದ್ದು ಒಬ್ಬ ಅಳಿಯನಿಂದ.

ಅವನ ಅತ್ತೆ ಗಿಡಗಳ ನರ್ಸರಿ ಇಟ್ಟುಕೊಂಡಿದ್ದಳು. ಅದಕ್ಕೆ ಹೊಸದಾಗಿ ಮಾಡಿಸಿದ ವೆಬ್‌ಸೈಟನ್ನು ಅಳಿಯ ಬೆಳಿಗ್ಗೆ ಹಾಸಿಗೆಯಲ್ಲೇ ತೆರೆದ. ಗುಲಾಬಿಯ ಪುಟ ನೋಡಿ, ಹಿಂದಕ್ಕೆ ಹೋಗುವ ಬಟನ್ ಒತ್ತಿದ. ಸೈಟೇ ಮಾಯ! ಮತ್ತೆ ಗುಲಾಬಿಗೆ ಬಂದು ರಿಫ್ರೆಶ್ ಮಾಡಿದ. ‘ಈ ಪುಟ ಇಲ್ಲ’ ಎಂದು ಬಂತು, ಕೆಳಗೆ ನರ್ಸರಿಯ ಫೋನ್ ನಂಬರು. ಕಣ್ಣೆದುರು ಅರಳಿ ನಿಂತಿದ್ದ ಗುಲಾಬಿಯನ್ನೇ ಇಲ್ಲವೆಂದರೆ ಯಾವ ಅಳಿಯ ಸುಮ್ಮನಿದ್ದಾನು? ಸೈಟು ಮಾಡಿಕೊಟ್ಟ ಆಫೀಸಿನ ಮ್ಯಾನೇಜರಿಗೇ ನೇರ ಫೋನ್ ಮಾಡಿ ಕೂಗಾಡಿದ.

ಸೈಟು ಕಟ್ಟಿದವನು ಸದ್ಯಕ್ಕಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಏನು ಕೇಳಿದರೂ “ಸದ್ಯಕ್ಕೆ ಸರಿಯಾಗಿದೆ ಸಾರ್” ಎನ್ನುತ್ತಿದ್ದುದರಿಂದ ಆಫೀಸಿನವರು ಇಟ್ಟದ್ದು ಇದು. ಅವನ ನೌಕರಿಯೂ ಸದ್ಯಕ್ಕಿನದೇ. ನರ್ಸರಿಯವರು ಮೆಚ್ಚಿದರೆ ಖಾಯಂ, ಇಲ್ಲದಿದ್ದರೆ ಬಂದ ದಾರಿ ಹಿಡಿಯುವುದು.

“ಸಂಜೆ ಆ ಅಮ್ಮ ಖುದ್ದಾಗಿ ಬರ್ತಾರಂತೆ ಕಣಯ್ಯಾ,” ಎಂದರು ಮ್ಯಾನೇಜರ್. “ಅಳಿಯನದೇ ಇಷ್ಟು ಆರ್ಭಟ ಅಂದ್ರೆ ಅತ್ತೆದು ಇನ್ನೆಷ್ಟಿರಬಹುದು!”

“ಸಾರ್, ಆ ಸೈಟಲ್ಲಿ ನಿಜವಾಗಿ ಇರೋದು ಒಂದೇ ಪುಟ. ಗುಲಾಬಿ, ದಾಸವಾಳ, ಕಳ್ಳಿ ಎಲ್ಲಾ ಅದೇ ವೇಷ ಬದಲಾಯಿಸ್ಕೊಂಡು ಬರೋದು. ರಿಫ್ರೆಶ್ ಮಾಡಿದ್ರೆ ಬ್ರೌಸರು, ಸೈಟನ್ನ ಇಟ್ಕೊಂಡಿರೋ ಸರ್ವರ್ ಹತ್ರ ಹೋಗಿ ‘ಗುಲಾಬಿ ಪುಟ ಕೊಡು’ ಅಂತ ಕೇಳುತ್ತೆ. ಪಾಪ, ಸರ್ವರಿಗೆ ವೇಷದ ವಿಷಯ ಗೊತ್ತಿಲ್ಲ...”

“ಆ ಅಮ್ಮನ ಮುಂದೆ ಈ ನಾಟಕ ಆಡ್ಬೇಡ. ಸರಿ ಮಾಡು.”

ಸದ್ಯಕ್ಕಪ್ಪ ಕೂತ. ಹಿಂದಕ್ಕೆ ಹೋಗುವ ಬಟನ್ ಕೆಟ್ಟಿದ್ದು ಅವನದೇ ತಪ್ಪು: ಹೊಸ ಪುಟಕ್ಕೆ ಹೋದಾಗ ಹಳೆಯದರ ಗುರುತನ್ನು ಬ್ರೌಸರಿನಲ್ಲಿ ಉಳಿಸದೆ ಅಳಿಸಿಬಿಡುವ ಹಾಗೆ ಬರೆದಿದ್ದ. ಅದನ್ನು ತಿದ್ದಿ ಇನ್ನೇನು ಸೇವ್ ಮಾಡಬೇಕು, ಪಕ್ಕದ ಮೇಜಿನ ಲೆಕ್ಕಿಗರು ಎದ್ದು ಬಂದರು.

“ತಮ್ಮಾ, ಇಂಥದ್ದಕ್ಕೆಲ್ಲ ಒಂದೇ ಮದ್ದು. ಆಫ್ ಮಾಡಿ ಆನ್ ಮಾಡೋದು.” ಬೇಡ ಎನ್ನುವಷ್ಟರಲ್ಲಿ ಸ್ವಿಚ್ ಆರಿಸಿಯೇ ಬಿಟ್ಟರು. ತಿದ್ದಿದ್ದೆಲ್ಲ ಗಾಳಿಗೆ ಹಾರಿಹೋಯಿತು.

ಮತ್ತೆ ಮೊದಲಿನಿಂದ ತಿದ್ದಿದ. ಅಷ್ಟರಲ್ಲಿ ಚಿತ್ರ ಬಿಡಿಸುವ ಅಕ್ಕ ಕುರ್ಚಿ ಎಳೆದುಕೊಂಡು ಬಂದಳು. “ಸರಿ ಮಾಡೋದ್ಯಾಕೋ? ‘ಈ ಪುಟ ಇಲ್ಲ’ ಅನ್ನೋದ್ರ ಪಕ್ಕ ಅಳ್ತಾ ಇರೋ ಗಿಡ ಒಂದು ಹಾಕೋಣ. ನೋಡಿದೋರಿಗೆ ಕರುಳು ಚುರುಕ್ ಅನ್ಬೇಕು.”

“ಅಕ್ಕಾ, ನಂಗೇ ಅಳು ಬರ್ತಿದೆ, ಇನ್ನು ಗಿಡ ಬೇರೆ ಯಾಕೆ?”

ಯಾವ ಪುಟ ಕೇಳಿದರೂ ಆ ಒಂದೇ ಪುಟವನ್ನು ಕೊಡು ಎಂದು ಸರ್ವರಿಗೆ ತಾಕೀತು ಮಾಡಿದ. ರಿಫ್ರೆಶ್ ಒತ್ತಿದ. ‘ಈ ಪುಟ ಇಲ್ಲ’ ಹೋಗಿತ್ತು. ಜೊತೆಗೆ ಗುಲಾಬಿಯೂ ಹೋಗಿತ್ತು! ಪರದೆ ಆಗತಾನೇ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ನಿಂತಿತ್ತು.

ಬೆನ್ನ ಹಿಂದೆ ಮ್ಯಾನೇಜರರ ಉಸಿರು ಕೇಳಿಸಿತು. “ಮೊದಲು ಒಂದು ಪುಟ ಇರ್ಲಿಲ್ಲ. ಈಗ ಯಾವುದೂ ಇಲ್ಲ. ಇದೇ ಏನಯ್ಯಾ ನಿನ್ನ ರಿಪೇರಿ?”

ಸದ್ಯಕ್ಕಪ್ಪ ತಾನು ಬರೆದದ್ದನ್ನೆಲ್ಲ ಮತ್ತೆ ತೆರೆದ. ಊಟಕ್ಕೂ ಏಳದೆ ಒಂದೊಂದೇ ಸಾಲು ಓದಿದ. ಕೊನೆಗೆ ಸಿಕ್ಕಿತು ಕಳ್ಳ: ಒಂದು ವಿಳಾಸದ ಮುಂದೆ ಇರಬೇಕಾಗಿದ್ದ ಸಣ್ಣ ಓರೆಗೆರೆ, ಸ್ಲ್ಯಾಶ್, ಬಿಟ್ಟುಹೋಗಿತ್ತು. ಅದಿಲ್ಲದೆ ಪುಟ ತನ್ನ ಸಾಮಾನನ್ನು ತಪ್ಪು ಮನೆಗೆ ಹೋಗಿ ಕೇಳುತ್ತಿತ್ತು. ಗೆರೆ ಹಾಕಿದ. ಗುಲಾಬಿ ಅರಳಿತು. ಹಿಂದಕ್ಕೆ ಒತ್ತಿದರೆ ದಾಸವಾಳ, ಇನ್ನೂ ಹಿಂದಕ್ಕೆ ಕಳ್ಳಿ. ಎಷ್ಟು ರಿಫ್ರೆಶ್ ಮಾಡಿದರೂ ಜಪ್ಪೆನ್ನಲಿಲ್ಲ. ಲೆಕ್ಕಿಗರು ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಮೊದಲ ಸಲ ಅವನ ಹೆಗಲ ಮೇಲೆ ಕೈಯಿಟ್ಟರು. ತನ್ನ ಕೈಯಿಂದಲೂ ಒಂದು ಕೆಲಸ ನೆಟ್ಟಗಾಗುತ್ತದೆ ಎಂದು ಸದ್ಯಕ್ಕಪ್ಪನಿಗೆ ಅಂದೇ ಗೊತ್ತಾದದ್ದು.

ಸಂಜೆ ನರ್ಸರಿಯ ಅಮ್ಮ ಬಂದಳು. ಉಗುರಿನ ಸಂದಿಯಲ್ಲಿ ಮಣ್ಣು, ಮುಖದಲ್ಲಿ ಚಿಂತೆ.

“ಮಧ್ಯಾಹ್ನದಿಂದ ಏನ್ ಮಾಡಿದ್ರಪ್ಪಾ ನನ್ನ ಸೈಟಿಗೆ?”

“ಎಲ್ಲಾ ಸರಿ ಮಾಡಿದೀನಿ ಅಮ್ಮಾ. ಇನ್ನು ಯಾವ ಪುಟಾನೂ ಕಳೆದುಹೋಗಲ್ಲ.”

“ಅದೇ ನೋಡು ತೊಂದರೆ! ಆ ‘ಪುಟ ಇಲ್ಲ’ದ ಕೆಳಗೆ ನನ್ನ ಫೋನ್ ನಂಬರ್ ಇತ್ತಲ್ಲ? ಜನ ಗಾಬರಿಯಾಗಿ ಫೋನ್ ಮಾಡೋರು. ಮನೆಗೆ ಬಿಸಿಲು ಬರುತ್ತಾ, ಎಷ್ಟು ಜಾಗ ಇದೆ, ಹೋದ ಸಲದ ಗಿಡ ಯಾಕೆ ಒಣಗ್ತು ಅಂತೆಲ್ಲ ಮಾತಾಡಿ, ಒಂದು ಗಿಡ ಕೇಳೋಕೆ ಬಂದೋರು ನಾಲ್ಕು ಒಯ್ಯೋರು. ಇವತ್ತು ಮಧ್ಯಾಹ್ನದಿಂದ ಫೋನ್ ಸದ್ದೇ ಇಲ್ಲ.”

“ಆದ್ರೆ ನಿಮ್ಮ ಅಳಿಯಂದಿರು...”

“ಅವನಿಗೇನ್ ಗೊತ್ತು? ಒಂದು ದಿನ ಗಿಡಕ್ಕೆ ನೀರು ಹಾಕಿದೋನಲ್ಲ.”

“ಹಾಗಿದ್ರೆ ಪುಟ ಹೀಗೇ ಇರ್ಲಿ ಅಮ್ಮಾ, ದೊಡ್ಡದಾಗಿ ಒಂದು ಫೋನ್ ಬಟನ್ ಇಡೋಣ.”

“ಸುಮ್ಮನೆ ಬಟನ್ ಇಟ್ರೆ ಯಾರಪ್ಪಾ ಒತ್ತುತಾರೆ? ಕಳೆದುಹೋದೋರು ಮಾತ್ರ ದಾರಿ ಕೇಳೋದು. ನನ್ನ ತಂಗಿದೂ ಒಂದು ಅಂಗಡಿ ಇದೆ, ಮಡಕೆದು. ಅದಕ್ಕೂ ಇಂಥದ್ದೇ ಸೈಟು ಮಾಡ್ಕೊಡು. ಕೆಟ್ಟಿರೋದು!”

ಮ್ಯಾನೇಜರ್ ಆಕೆಯನ್ನು ಬಾಗಿಲವರೆಗೆ ಕಳಿಸಿಕೊಟ್ಟು, ಮುಖವೆಲ್ಲ ನಗುವಾಗಿ ಬಂದರು. “ಎರಡನೇ ಸೈಟು ಸಿಕ್ತು ಕಣಯ್ಯಾ! ಇದನ್ನ ಬೇಗ ಮೊದಲಿನ ಹಾಗೇ ಕೆಡಿಸ್ಬಿಡು. ಖಾಯಂ ಮಾತು ಆಮೇಲೆ ಆಡೋಣ.”

ಸದ್ಯಕ್ಕಪ್ಪ ನಿಟ್ಟುಸಿರು ಬಿಟ್ಟು ಕೂತ. ಸರ್ವರಿಗೆ ಕೊಟ್ಟ ತಾಕೀತನ್ನು ತೆಗೆದ. ಓರೆಗೆರೆಯನ್ನೂ ಕಿತ್ತ. ರಿಫ್ರೆಶ್ ಒತ್ತಿದ.

ಬ್ರೌಸರು ಸರಿಯಾಗಿದ್ದ ಪುಟವನ್ನೇ ನೆನಪಿಟ್ಟುಕೊಂಡಿತ್ತೋ ಏನೋ, ಗುಲಾಬಿ ನಗುನಗುತ್ತಾ ಎದುರು ನಿಂತಿತು. ಇನ್ನೊಮ್ಮೆ ಒತ್ತಿದ. ಮತ್ತೆ ಗುಲಾಬಿ.

“ಕೆಡ್ತಿಲ್ಲ ಸಾರ್!” ಎಂದ, ಅಳುತ್ತಿದ್ದಾನೋ ನಗುತ್ತಿದ್ದಾನೋ ಅವನಿಗೇ ತಿಳಿಯದೆ.

ಲೆಕ್ಕಿಗರೂ ಅಕ್ಕನೂ ಉತ್ಸಾಹದಿಂದ ಕುರ್ಚಿ ಎಳೆದುಕೊಂಡು ಬಂದರು. ಕೆಡಿಸುವುದಕ್ಕೆ ಸಹಾಯ ಮಾಡಿ ಎಂದು ಅವರನ್ನು ಯಾರೂ ಎಂದೂ ಕೇಳಿರಲಿಲ್ಲ.