ಸರದಿಯಲ್ಲಿ ಮೊದಲನೆಯವನು

ಕ್ಯಾಲಮ್ ಬರ್ಟ್‌ವಿಸಲ್‌ನ ಸ್ನಾನದ ತೊಟ್ಟಿಯಲ್ಲಿ ನಲವತ್ತು ಟೊಮೆಟೊ ಸಸಿಗಳು ಬೆಳೆದು ನಿಂತಿದ್ದವು. ಮೂರು ವಾರದಿಂದ ಅವನೂ ಅವನ ಹೆಂಡತಿ ಜೋಸಿಯೂ ಬಚ್ಚಲಿನ ಮೂಲೆಯಲ್ಲಿ ನಿಂತು, ಮಗ್ಗಿನಲ್ಲಿ ನೀರು ಹೊಯ್ದುಕೊಂಡು ಮೈ ತೊಳೆದುಕೊಳ್ಳುತ್ತಿದ್ದರು. ಮೇ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಜೋಸಿಯ ತಾಳ್ಮೆ ಮುಗಿಯಿತು.

"ಇವತ್ತು ಸಂಜೆ ನಾನು ಈ ತೊಟ್ಟೀಲಿ ಕಾಲು ಚಾಚಿ ಮಲಗ್ಬೇಕು. ಈ ಮನೇಲಿ ಒಂದೋ ಇವಿರ್ಬೇಕು, ಇಲ್ಲಾ ನಾನಿರ್ಬೇಕು. ಯೋಚ್ನೆ ಮಾಡು," ಎಂದಳು.

ಕ್ಯಾಲಮ್ ನಿಜವಾಗಿಯೂ ಯೋಚನೆ ಮಾಡಿದ. ಅದೇ ತಪ್ಪಾಯಿತು. ಹತ್ತು ನಿಮಿಷದೊಳಗೆ ಸಸಿಗಳೂ ಅವನೂ ಬೀದಿಯಲ್ಲಿದ್ದರು.

ಯಾರ್ಕ್‌ಷೈರಿನ ಹಡರ್ಸ್‌ಫೀಲ್ಡ್ ಊರಿನಲ್ಲಿ ಅವರದು ಮೂರನೇ ಮಹಡಿಯ ಬಾಡಿಗೆ ಮನೆ. ಹಿಡಿ ಮಣ್ಣಿಲ್ಲ. ಊರಂಚಿನ ಕ್ರೋಹಿಲ್ ಬೀದಿಯ ಹಿಂದೆ, ತರಕಾರಿ ಬೆಳೆದುಕೊಳ್ಳುವವರಿಗೆಂದು ನಗರಸಭೆ ಬಿಟ್ಟುಕೊಟ್ಟ ಮೂವತ್ತು ತುಂಡು ನೆಲವಿತ್ತು. ಒಂದು ತುಂಡಿಗಾಗಿ ಕ್ಯಾಲಮ್ ಇಪ್ಪತ್ತೈದನೇ ವಯಸ್ಸಿನಲ್ಲಿ ಅರ್ಜಿ ಹಾಕಿದ್ದ. ಈಗ ಮೂವತ್ತನಾಲ್ಕು. ಒಂಬತ್ತು ವರ್ಷ ಕಾದು ಕಾದು ಸರದಿಯಲ್ಲಿ ಮೊದಲನೆಯವನಾಗಿದ್ದ. ಇನ್ನು ಯಾರಾದರೂ ತಮ್ಮ ತುಂಡು ಬಿಟ್ಟುಕೊಟ್ಟರೆ ಸಾಕಿತ್ತು. ಆದರೆ ಬಿಡುವವರು ಯಾರು? ಇದ್ದವರೆಲ್ಲ ಎಪ್ಪತ್ತು ದಾಟಿದವರು, ಮೂರು ಹೊತ್ತೂ ತಾವೇ ಬೆಳೆದ ಎಲೆಕೋಸು ತಿಂದು ಕಲ್ಲುಗುಂಡಿನ ಹಾಗಿದ್ದರು.

ಹದಿನಾಲ್ಕನೇ ತುಂಡೊಂದೇ ಆಸೆ. ಅಲ್ಲಿನ ತೋಟಗಾರರ ಸಂಘದ ನಿಯಮದ ಪ್ರಕಾರ ನೆಲದ ಮುಕ್ಕಾಲು ಪಾಲಿನಲ್ಲಿ ಬೆಳೆ ಇರಲೇಬೇಕು. ಹದಿನಾಲ್ಕರಲ್ಲಿ ಬರೀ ಕಳೆ. ಅದರ ಯಜಮಾನನಿಗೆ ಆಗಲೇ ಎರಡು ಎಚ್ಚರಿಕೆ ಪತ್ರ ಹೋಗಿದ್ದವು. ಅಂದು ಸಂಜೆ ನಾಲ್ಕಕ್ಕೆ ಮೂರನೆಯ, ಕೊನೆಯ ತಪಾಸಣೆ. ಅದರಲ್ಲಿ ಸೋತರೆ ತುಂಡು ಸರದಿಯ ಮೊದಲನೆಯವನಿಗೆ. ಇದೆಲ್ಲ ಗೇಟಿನ ಫಲಕದ ಮೇಲಿತ್ತು. ಕ್ಯಾಲಮ್ ವಾರಕ್ಕೊಮ್ಮೆ ಹೋಗಿ ಅದನ್ನು ಓದಿಕೊಂಡು ಬರುತ್ತಿದ್ದ.

ಹಾಗಾಗಿ ಕೆಳಮನೆಯವರ ಕೈಗಾಡಿ ಕೇಳಿ ತಂದು, ಸಸಿಗಳನ್ನು ಹೇರಿಕೊಂಡು ಅಲ್ಲಿಗೇ ಹೊರಟ. ನಾಲ್ಕರವರೆಗೆ ಗೇಟಿನ ಹತ್ತಿರ ಸುಮ್ಮನೆ ನಿಂತಿರುವುದು, ನಾಲ್ಕೂಕಾಲಿಗೆ ತನ್ನದೇ ನೆಲದಲ್ಲಿ ಸಸಿ ಊರುವುದು ಎಂದು ಅವನ ಲೆಕ್ಕಾಚಾರ.

ಗೇಟಿನೆದುರಿನ ಹದಿನಾಲ್ಕನೇ ತುಂಡಿನಲ್ಲಿ ಟೈ ಕಟ್ಟಿಕೊಂಡ ಮುದುಕನೊಬ್ಬ ಗುದ್ದಲಿಗೆ ಒರಗಿ ನಿಂತಿದ್ದ. ಅದರ ಯಜಮಾನ, ಎಂಬತ್ತನಾಲ್ಕು ವರ್ಷದ ಆರ್ನಾಲ್ಡ್ ಸಟ್‌ಕ್ಲಿಫ್ ಇವನೇ. ಪಕ್ಕದ ತುಂಡಿನ ಮೇವಿಸಮ್ಮ ಬೇಲಿಯಾಚೆಯಿಂದ ಕೈಗಾಡಿ ನೋಡಿದ್ದೇ ಕೂಗಿಕೊಂಡಳು.

"ಆರ್ನಾಲ್ಡ್! ಬಂದ ನೋಡು, ಸಂಘದೋರು ಕಳಿಸ್ತೀವಿ ಅಂದಿದ್ರಲ್ಲ, ಹಿರಿಯರಿಗೆ ಸಹಾಯ ಮಾಡೋ ಹುಡುಗ! ಸಸಿ ಬೇರೆ ತಂದಿದಾನೆ ಪಾಪ!"

"ಅಲ್ಲ, ನಾನು..." ಎಂದ ಕ್ಯಾಲಮ್.

"ಬಾ ಮಗ, ಬಾ," ಎಂದ ಆರ್ನಾಲ್ಡ್. ಅಷ್ಟರಲ್ಲಿ ಫ್ಲಾಸ್ಕಿನಿಂದ ಟೀ ಬಗ್ಗಿಸಿಯೂ ಆಗಿತ್ತು.

ನಮ್ಮ ಯಾರ್ಕ್‌ಷೈರಿನವರ ದೊಡ್ಡ ರೋಗ ಇದು. ಮನೆಗೆ ಬೆಂಕಿ ಬಿದ್ದಿದ್ದರೂ ಸರಿ, ಬಗ್ಗಿಸಿದ ಟೀಗೆ ಬೇಡ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಕುಡಿದ ಮೇಲೆ, ಕುಡಿಸಿದವನ ಮುಖಕ್ಕೆ "ನಿನ್ನ ನೆಲ ಹೋಗಲಿ ಎಂದು ಕಾಯಲು ಬಂದವನು ನಾನು" ಎನ್ನುವುದು ಹೇಗೆ? ಕ್ಯಾಲಮ್ ಟೀ ಕುಡಿದ, ಗುದ್ದಲಿ ಇಸಿದುಕೊಂಡ. ಎರಡು ಅಡಿ ಅಗೆದು ಮೆಲ್ಲಗೆ ನುಣುಚಿಕೊಂಡರಾಯಿತು ಎಂದುಕೊಂಡ.

ಆದರೆ ಅಗೆಯುತ್ತ ಅಗೆಯುತ್ತ ಅವನಿಗೆ ಕುತೂಹಲ ಹತ್ತಿತು.

"ಈ ತುಂಡು ಸಿಗೋಕೆ ನೀವೆಷ್ಟು ವರ್ಷ ಕಾದ್ರಿ, ಯಜಮಾನ್ರೇ?"

"ಕಾಯೋದಾ? ಬೆಳಿಗ್ಗೆ ಕೇಳ್ದೆ, ಮಧ್ಯಾಹ್ನ ಬೀಗದಕೈ ಕೊಟ್ರು."

"ಸರದಿ?"

"ಯಾವ ಸರದಿ?"

ಕ್ಯಾಲಮ್‌ನ ಗುದ್ದಲಿ ಕಲ್ಲಿಗೆ ಬಡಿಯಿತು. "ಆಗ ನಿಮಗೆಷ್ಟು ವಯಸ್ಸು?"

"ಮೂವತ್ನಾಲ್ಕು. ಆಗ್ಲೇ ಮನೇನೂ ತಗೊಂಡಿದ್ದೆ. ಹಿಂದ್ಗಡೆ ತೋಟ ಇರೋ ಮನೆ."

"ಮನೇಲಿ ತೋಟ ಇದ್ಯಾ?!"

"ಇದೆ. ಹುಲ್ಲು ಬಿಟ್ಟಿದೀನಿ. ನಿನ್ನ ತೋಟದಲ್ಲೇನು ಬೆಳೀತಿ?"

"ನನಗೆ ತೋಟ ಇಲ್ಲ. ಕಿಟಕಿ ಇದೆ."

ಈಗ ಕುತೂಹಲ ಮುದುಕನದು. "ಮತ್ತೆ ಈ ಸಸಿ?"

"ಸ್ನಾನದ ತೊಟ್ಟೀಲಿ."

"ಎಲಾ! ಹಂಗಾದ್ರೆ ಸ್ನಾನ ಎಲ್ಲಿ ಮಾಡ್ತೀರಿ?" ಆರ್ನಾಲ್ಡ್ ಒಂದು ಸಸಿಯ ಎಲೆ ಮುಟ್ಟಿ ನೋಡಿದ. "ಮಕ್ಳು?"

"ಮೊದ್ಲು ಟೊಮೆಟೊಗೆ ಜಾಗ ಆಗ್ಲಿ ಅಂತಿದೀವಿ."

"ಈಗಿನೋರಿಗೆ ಮೈ ಬಗ್ಗಲ್ಲ, ಅದೇ ತೊಂದ್ರೆ," ಎಂದು ಮೇವಿಸಮ್ಮ ಬೇಲಿಯಾಚೆಯಿಂದ ತೀರ್ಪು ಕೊಟ್ಟಳು. ಕುರ್ಚಿಯಲ್ಲಿ ಕುಳಿತೇ ಕೊಟ್ಟಳು. "ನಾವು ಬಂದಾಗ ಇಲ್ಲಿ ಆಳೆತ್ತರ ಮುಳ್ಳು. ಯಾವನಿಗೂ ಈ ನೆಲ ಬೇಕಿರ್ಲಿಲ್ಲ. ಕಡಿದೋರು ನಾವು. ಏಯ್ ಮರಿ, ಆ ಮೂಲೆ ಬಿಟ್ಯಲ್ಲ!"

ಅವಳ ಮಾತು ಸುಳ್ಳೂ ಅಲ್ಲ, ಅದೇ ಕ್ಯಾಲಮ್‌ಗೆ ಕಿರಿಕಿರಿ. ಹನ್ನೆರಡಕ್ಕೆ ಅವನ ಅಂಗೈಯಲ್ಲಿ ಬೊಬ್ಬೆ ಬಂತು. ಒಂದು ಗಂಟೆಗೆ ಪ್ಯಾಂಟು ಮುಳ್ಳಿಗೆ ಸಿಕ್ಕಿ, ಹೇಳಬಾರದ ಜಾಗದಲ್ಲಿ ಹರಿಯಿತು. ಮೇವಿಸಮ್ಮ ಸೇಫ್ಟಿಪಿನ್ನು ಕೊಟ್ಟು, ಹಾಕಿಕೊಳ್ಳುವುದು ಹೇಗೆಂದು ಇಡೀ ತೋಟಕ್ಕೆ ಕೇಳಿಸುವಂತೆ ಹೇಳಿಕೊಟ್ಟಳು. ಎರಡು ಗಂಟೆಗೆ ಅರ್ಧ ನೆಲ ಬಯಲಾಗಿತ್ತು. ಇನ್ನು ನಿಲ್ಲಿಸಿದರೆ ಆರ್ನಾಲ್ಡ್ ಖಂಡಿತ ಸೋಲುತ್ತಾನೆ. ಕ್ಯಾಲಮ್ ಗುದ್ದಲಿ ಕೆಳಗಿಟ್ಟ.

"ಯಜಮಾನ್ರೇ, ನಿಮಗೊಂದು ವಿಷಯ ಹೇಳ್ಬೇಕು."

"ಒಂದ್ನಿಮಿಷ ಮಗ," ಎಂದ ಆರ್ನಾಲ್ಡ್. ಬಗ್ಗಲಾಗದೆ ಬೇಲಿ ಹಿಡಿದುಕೊಂಡು, ಕಳೆಯ ನಡುವೆ ಅಗಲವಾಗಿ ಎಲೆ ಹರಡಿದ್ದ, ಕೆಂಪು ದಂಟಿನ ಒಂದು ಗಿಡವನ್ನು ಕಾಲಿನಿಂದ ತೋರಿಸಿದ. "ಅದಕ್ಕೆ ಗುದ್ದಲಿ ತಾಗಿಸ್ಬೇಡ. ರೂಬಾರ್ಬ್. ನನ್ನ ಹೆಂಡತಿ ಐರೀನ್ ನೆಟ್ಟಿದ್ದು, ಮೊದಲನೇ ವರ್ಷ. ಅವಳು ಹೋಗಿ ಆರು ವರ್ಷ ಆಯ್ತು. ಇದು ಪ್ರತಿ ವಸಂತ ಎದ್ದು ಬರತ್ತೆ. ಹ್ಞಾಂ, ನೀನೇನೋ ಹೇಳ್ತಿದ್ದೆ?"

ಕ್ಯಾಲಮ್ ಕೆಳಗಿಟ್ಟ ಗುದ್ದಲಿ ಮತ್ತೆ ಎತ್ತಿಕೊಂಡ. ತನ್ನ ಮೇಲೆ ತನಗೇ ಸಿಟ್ಟು ಬಂತು. "ಬಿಸ್ಕತ್ತಿದ್ಯಾ ಅಂತ ಕೇಳ್ದೆ," ಎಂದ.

ಆಮೇಲೆ ಅವನು ಅಗೆದದ್ದು ನೋಡಬೇಕಿತ್ತು. ಮೂರೂಮುಕ್ಕಾಲಿಗೆ ಕಳೆಯೆಲ್ಲ ಹೋಗಿತ್ತು, ಮಣ್ಣು ಪುಡಿಪುಡಿಯಾಗಿತ್ತು. ಆದರೆ ಬರೀ ಮಣ್ಣು ಬೆಳೆಯಲ್ಲವಲ್ಲ. ಮೇವಿಸಮ್ಮ ಕೈಗಾಡಿಯ ಕಡೆ ಬೆರಳು ಮಾಡಿದಳು. ಕ್ಯಾಲಮ್, ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವವನಂತೆ, ನಲವತ್ತು ಸಸಿಗಳನ್ನೂ ಆರ್ನಾಲ್ಡ್‌ನ ನೆಲದಲ್ಲಿ ಸಾಲಾಗಿ ನೆಟ್ಟು ನೀರು ಹಾಕಿದ.

ಸರಿಯಾಗಿ ನಾಲ್ಕಕ್ಕೆ ಸಂಘದ ಕಾರ್ಯದರ್ಶಿ ಥೆಲ್ಮಾ ಪಿಕಲ್ಸ್ ಅಳತೆಯ ಟೇಪು ಹಿಡಿದು ಬಂದಳು. ಉದ್ದ ಅಳೆದಳು, ಅಗಲ ಅಳೆದಳು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. "ಪಾಸು. ಪಾಸೇನು, ಈ ವರ್ಷದ ಬಹುಮಾನದ ಕಪ್ಪು ಇದಕ್ಕೇ ಹೋದ್ರೂ ಹೋಗ್ಬಹುದು," ಎಂದಳು.

ಆರ್ನಾಲ್ಡ್ ಕೋಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದ. ಎಲ್ಲರೂ ನೋಡುತ್ತಿದ್ದಂತೆ ಅದನ್ನು ನಾಲ್ಕು ತುಂಡಾಗಿ ಹರಿದ.

"ಏನದು?" ಎಂದಳು ಥೆಲ್ಮಾ.

"ರಾಜೀನಾಮೆ. ಬೆಳಿಗ್ಗೇನೇ ಬರ್ಕೊಂಡು, ಟೈ ಕಟ್ಕೊಂಡು ಬಂದಿದ್ದೆ. ನನ್ನ ಕೈಲಿ ಇನ್ನಾಗಲ್ಲ, ಸರದೀಲಿ ಮೊದ್ಲಿರೋರಿಗೆ ಈ ತುಂಡು ಕೊಟ್ಬಿಡಿ ಅಂತ. ಕೊನೇ ಸಲ ಒಂದೆರಡೇಟು ಅಗೆದು ಹೋಗೋಣ ಅನ್ನೋವಷ್ಟರಲ್ಲಿ ಈ ಹುಡುಗ ಬಂದ. ಈಗ ನೋಡಿ ಹೆಂಗಾಗಿದೆ! ಇಂಥಾ ನೆಲಾನ ಯಾರಾದ್ರೂ ಬಿಡ್ತಾರಾ?"

ಕ್ಯಾಲಮ್ ಕೈಗಾಡಿಯ ಮೇಲೆ ಕುಳಿತುಬಿಟ್ಟ. ಸೇಫ್ಟಿಪಿನ್ನು ಚುಚ್ಚಿತು. ಅದು ಅವನಿಗೆ ಗೊತ್ತೂ ಆಗಲಿಲ್ಲ.

"ಯಾವ ಹುಡುಗ?" ಎಂದಳು ಥೆಲ್ಮಾ. "ನಾವು ಯಾರನ್ನೂ ಕಳಿಸಿಲ್ವಲ್ಲ. ಆ ಯೋಜನೆಗೆ ಒಬ್ನೂ ಹೆಸರು ಕೊಡ್ಲಿಲ್ಲ. ನಿಮ್ಮ ಹೆಸರೇನಪ್ಪ?"

"ಕ್ಯಾಲಮ್ ಬರ್ಟ್‌ವಿಸಲ್."

ಥೆಲ್ಮಾ ಕೈಯಲ್ಲಿದ್ದ ಹಾಳೆಗಳನ್ನು ಮಗುಚಿದಳು. ಬೆರಳು ಸರದಿ ಪಟ್ಟಿಯ ಮೊದಲ ಸಾಲಿನಲ್ಲೇ ನಿಂತಿತು. ಅವಳು ಆರ್ನಾಲ್ಡ್‌ನಿಗೆ ತೋರಿಸಿದಳು, ಆರ್ನಾಲ್ಡ್ ಮೇವಿಸಮ್ಮನಿಗೆ ತೋರಿಸಿದ. ಮೇವಿಸಮ್ಮ ಪಟ್ಟಿಯನ್ನೊಮ್ಮೆ, ಕ್ಯಾಲಮ್‌ನನ್ನೊಮ್ಮೆ ನೋಡಿ ತನ್ನ ಫ್ಲಾಸ್ಕಿಗೆ ಕೈ ಹಾಕಿದಳು.

"ಬೆಳಿಗ್ಗೇನೇ ಯಾಕೆ ಹೇಳ್ಲಿಲ್ವೋ ಮಗ?" ಎಂದ ಆರ್ನಾಲ್ಡ್.

"ನೀವು ಆಗ್ಲೇ ಟೀ ಬಗ್ಗಿಸ್ಬಿಟ್ಟಿದ್ರಿ."

ಆರ್ನಾಲ್ಡ್ ಕೈಯಲ್ಲಿದ್ದ ಕಾಗದದ ಚೂರುಗಳನ್ನು ನೋಡಿದ. ಆಮೇಲೆ ಟೊಮೆಟೊ ಸಾಲನ್ನು ನೋಡಿದ, ರೂಬಾರ್ಬ್ ನೋಡಿದ. ಚೂರುಗಳನ್ನು ಮಡಚಿ ಜೇಬಿಗೆ ಹಾಕಿಕೊಂಡು, ಕ್ಯಾಲಮ್‌ನ ಬೆನ್ನ ಮೇಲೆ ಪ್ರೀತಿಯಿಂದ ಕೈಯಿಟ್ಟ.

"ಹೋಗ್ಲಿ ಬಿಡು. ನಿನಗೇನಪ್ಪ, ಇನ್ನೂ ಚಿಕ್ಕ ವಯಸ್ಸು, ಬೇಕಾದಷ್ಟು ಟೈಮಿದೆ. ಮುಂದಿನ ಶನಿವಾರ ಸ್ವಲ್ಪ ಬೇಗ ಬಾ. ಟೊಮೆಟೊಗೆ ಕೋಲು ಕಟ್ಬೇಕು."

ಕ್ಯಾಲಮ್ ಬಾಯಿ ತೆರೆದ. ಅಷ್ಟರಲ್ಲಿ ಮೇವಿಸಮ್ಮ ಬೇಲಿಯ ಮೇಲಿಂದ ಇನ್ನೊಂದು ಲೋಟ ಟೀ ಚಾಚಿದ್ದಳು.

"ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿ ಅವನು ಲೋಟ ತೆಗೆದುಕೊಂಡ.