ಬೋಳು ಕಾರಿಗೆ ಅಮಾವಾಸ್ಯೆ ಪೂಜೆ

ಕಾರಿನ ಹಳೆ ಬಣ್ಣ ತೆಗೆಯುವುದೆಂದರೆ ಬಾಳೆಹಣ್ಣು ಸುಲಿದಷ್ಟೇ ಸುಲಭ ಎಂದು ನಾನು ನಂಬಿದ್ದೆ. ಮಾವನವರು ತೀರಿಕೊಂಡ ಮೇಲೆ ಹರಿಹರದಲ್ಲಿ ಸುಮ್ಮನೆ ನಿಂತಿದ್ದ ಅವರ ಅಂಬಾಸಿಡರನ್ನು ದಾವಣಗೆರೆಯ ನಮ್ಮ ಅಂಗಳಕ್ಕೆ ತಂದಿದ್ದೆ. ಅತ್ತೆಯವರದು ಒಂದೇ ಆಸೆ. ಕೊಂಡಾಗ ಅದಕ್ಕಿದ್ದ ತಿಳಿನೀಲಿ ಬಣ್ಣದಲ್ಲೇ ಇನ್ನೊಮ್ಮೆ ಅದರಲ್ಲಿ ಕೂತು ತುಂಗಭದ್ರೆಯ ಸೇತುವೆ ದಾಟಬೇಕು. ಶ್ರಾವಣದ ಮೊದಲ ಸೋಮವಾರ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟೆ. ಎಂಜಿನ್ ಕೆಲಸವನ್ನು ಮೆಕ್ಯಾನಿಕ್ ಮುಗಿಸಿದ್ದ. ಬಣ್ಣ ನನ್ನ ಪಾಲು.

ಹದಡಿ ರಸ್ತೆಯ ಪೇಂಟರ್ ಬಾಷಾ ಬಂದು ನೋಡಿದ. ತಗಡು ಬಯಲಾದ ದಿನವೇ ಬಣ್ಣದ ಅಡಿಪದರವಾದ ಪ್ರೈಮರ್ ಹೊಡೆಯಬೇಕು, ಒಂದು ಹನಿ ನೀರೂ ತಾಗಬಾರದು ಎಂದು ಎರಡು ಸಲ ಹೇಳಿದ. ನಾನು ಗಂಭೀರವಾಗಿ ತಲೆಯಾಡಿಸಿದೆ. ಆದರೆ ಮನಸ್ಸು ಆಗಲೇ ಸೇತುವೆಯ ಮೇಲಿತ್ತು!

ಹಳೆ ಬಣ್ಣ ಕರಗಿಸುವ ಪೇಂಟ್ ರಿಮೂವರನ್ನು ಪ್ಲಾಸ್ಟಿಕ್ ಮಗ್ಗಿಗೆ ಸುರಿದೆ. ಮಗ್ಗಿನ ತಳ ಕರಗಿ ಎಲ್ಲವೂ ನನ್ನ ಚಪ್ಪಲಿಯ ಮೇಲೆ ಬಿತ್ತು. ಚಪ್ಪಲಿಯೂ ಹೋಯಿತು. ಬರಿಗಾಲಲ್ಲೇ ಕಬ್ಬಿಣದ ಪಟ್ಟಿ ಹಿಡಿದು ಕೆರೆಯತೊಡಗಿದೆ. ಬಿಳಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಅಂಗೈಯಗಲ ತಿಳಿನೀಲಿ! ಪಟ್ಟಿ ಕೈಯಲ್ಲೇ ಉಳಿಯಿತು. ಕಣ್ಣ ಮುಂದೆ ಮಾವನವರು ಕಿಟಕಿಗೆ ಮೊಣಕೈ ಇಟ್ಟು ಓಡಿಸುತ್ತಿದ್ದಾರೆ, ಹಿಂದಿನ ಸೀಟಿನಲ್ಲಿ ಅತ್ತೆಯ ಸೆರಗು ಗಾಳಿಗೆ ಹಾರುತ್ತಿದೆ, ಕೆಳಗೆ ಹೊಳೆ ಮೆಲ್ಲಗೆ ಹರಿಯುತ್ತಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಊಟಕ್ಕೆ ಕರೆದು ಕರೆದು ಹೆಂಡತಿ ಶೈಲಾಳ ಗಂಟಲು ಒಣಗಿತ್ತು.

ನಾಲ್ಕನೇ ದಿನ ಸಂಜೆ ಕಾರು ಹೊಸ ಸ್ಟೀಲ್ ಪಾತ್ರೆಯಂತೆ ಹೊಳೆಯುತ್ತಿತ್ತು. ಅಂದು ಕತ್ತಲಾಗಿತ್ತು; ಮರುದಿನ ಅಮಾವಾಸ್ಯೆ, ಹೊಸ ಕೆಲಸ ಹಿಡಿಯುವಂತಿಲ್ಲ. ಪ್ರೈಮರ್ ಡಬ್ಬಿ ಮುಟ್ಟಲಿಲ್ಲ. ಆದರೆ ಅಮಾವಾಸ್ಯೆಯಂದು ಗಾಲಿ ಇರುವುದನ್ನೆಲ್ಲ ತೊಳೆದು ಪೂಜಿಸುವುದು ನಮ್ಮ ಪದ್ಧತಿ. ಬೆಳಿಗ್ಗೆ ಎದ್ದವನೇ ಕಾರಿಗೆ ನಾಲ್ಕು ಬಕೆಟ್ ನೀರು ಹೊಯ್ದೆ.

"ನೀರು ತಾಗಿಸಬ್ಯಾಡ್ರಿ ಅಂತ ಬಾಷಾ ಹೇಳಿದ್ನಲ್ರಿ" ಎಂದಳು ಶೈಲಾ.

ಪೂಜೆಯ ನೀರಿಗೆ ದೋಷವಿಲ್ಲವೆಂದು ನಾನು ತೀರ್ಪು ಕೊಟ್ಟೆ. ವಿಭೂತಿ ಬಳಿದು, ಕುಂಕುಮವಿಟ್ಟು, ಕಾಯಿ ಒಡೆದು, ಕಾಯಿಯ ನೀರನ್ನೂ ಬಿಡದೆ ಬಾನೆಟ್ಟಿನ ತುಂಬ ಭಕ್ತಿಯಿಂದ ಸುರಿದೆ.

ಮಾರನೆಯ ದಿನ ಅತ್ತೆ ಕಾರು ನೋಡಲೆಂದೇ ಹರಿಹರದಿಂದ ಬಂದರು. ಅಂಗಳದಲ್ಲಿ ಬಾನೆಟ್ಟಿನಿಂದ ಡಿಕ್ಕಿಯವರೆಗೆ ಕೆಂಪಗೆ ತುಕ್ಕು ಹಿಡಿದ ಕಾರು ನಿಂತಿತ್ತು. ಅತ್ತೆ ಬಾಗಿಲ ಮೇಲೆ ಕೈಯಾಡಿಸಿದರು, ಬೆರಳು ಕೆಂಪಾಯಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಅವರು ಹದಿನೈದು ವರ್ಷ ಮಳ್ಯಾಗ ನಿಲ್ಸಿದ್ರು, ಏನೂ ಆಗ್ಲಿಲ್ಲ" ಎಂದರು ಅತ್ತೆ, ಮೆತ್ತಗೆ. "ನೀವು ಒಂದಿನ ಪೂಜೆ ಮಾಡಿದ್ರಿ ನೋಡ್ರಿ."

ಬಾಷಾನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಮೊದಲಿನಿಂದ ಉಜ್ಜಬೇಕಂತೆ, ಶ್ರಾವಣದ ಮಾತು ಬಿಡಿ ಎಂದ. ಅತ್ತೆ ದಸರಾಕ್ಕೆ ಬರುತ್ತೇನೆಂದು ಚೀಲ ಎತ್ತಿಕೊಂಡರು. ಅದೇ ನನಗೆ ಹೆಚ್ಚು ಚುಚ್ಚಿತು. ಬಸ್ ಸ್ಟ್ಯಾಂಡಿಗಾದರೂ ಬಿಟ್ಟು ಬರೋಣವೆಂದು ಸ್ಕೂಟರ್ ಹೊರಗೆ ತೆಗೆದೆ. ಅತ್ತೆ ಹತ್ತಲು ಬಂದವರು ತಡೆದು ನಿಂತರು.

"ಇದಕ್ಕೂ ನೀವೇ ಪೂಜೆ ಮಾಡೀರೇನ್ರಿ?"

ಮಾಡಿದ್ದೆ. ಅತ್ತೆ ಆಟೋ ಹತ್ತಿದರು.